ಹೊಸ ಸ್ಪೋರ್ಟ್ಸ್ ಕಾರಿಗೆ ಎಂತಹ ಚುಕ್ಕಾಣಿ?

(ಮಸ್ಕತ್ತಿನಲ್ಲಿ ಕನ್ನಡ ಬಂಧುಗಳ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ಸಭಿಕರು ಸಾಮಾನ್ಯವಾಗಿ ಮಧುಮೇಹ, ರಕ್ತದೊತ್ತಡ, ಕೊಲೆಸ್ಟರಾಲ್ ಎಂಬ ಮೂರು ವಿಷಯಗಳಲ್ಲಿ ಒಂದನ್ನು ನಿರೀಕ್ಷಿಸುತ್ತಾರೆ. ಈ ಸಂಜೆ ಆ ಮೂರಕ್ಕೂ ವಿರಾಮ ಕೊಟ್ಟು, ಕಾರಿನ ಸ್ಟಿಯರಿಂಗ್ ಚಕ್ರದ ಬಗ್ಗೆ ಮಾತನಾಡಲು ನಾವು ನಿಶ್ಚಯಿಸಿದ್ದೇವೆ. ಇದು ವೈದ್ಯರಿಗೆ ಸಲ್ಲದ ವಿಷಯವೆಂದು ಕೆಲವರಿಗೆ ತೋರಬಹುದು. ಉಪನ್ಯಾಸ ಮುಗಿಯುವ ವೇಳೆಗೆ ಆ ಅಭಿಪ್ರಾಯ ಬದಲಾದರೆ ನಮ್ಮ ಶ್ರಮ ಸಾರ್ಥಕ.

ಈ ವಿಷಯ ಹುಟ್ಟಿದ್ದು ಒಂದು ಊಟದ ಮನೆಯಲ್ಲಿ. ಕೆಲವು ತಿಂಗಳ ಹಿಂದೆ ಪರಿಚಿತ ಕುಟುಂಬವೊಂದರ ಆಹ್ವಾನದ ಮೇರೆಗೆ ನಾವು ಅವರ ಮನೆಗೆ ಹೋಗಿದ್ದೆವು. ಆ ಮನೆಯ ಮಗ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಇಪ್ಪತ್ತನಾಲ್ಕರ ತರುಣ, ತನ್ನ ಉಳಿತಾಯದ ಹಣದಿಂದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದನು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಕಾರಾದರೂ ಅವನ ಪಾಲಿಗೆ ಅದು ಹೊಸದೇ. ಕಾರನ್ನೆಲ್ಲ ತೋರಿಸಿದ ಮೇಲೆ ಡಿಕ್ಕಿಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಹೊರತೆಗೆದನು. ಅದರೊಳಗೆ ಸಣ್ಣ ಗಾತ್ರದ, ಕೆಳಭಾಗ ಚಪ್ಪಟೆಯಾಗಿರುವ, ಕೆಂಪು ನೂಲಿನಿಂದ ಹೊಲಿದ ಸೊಗಸಾದ ಚಕ್ರವೊಂದಿತ್ತು.

“ಡಾಕ್ಟರ್ ಅಂಕಲ್, ಕಾರಿನ ಜೊತೆ ಬಂದಿರೋ ಸ್ಟಿಯರಿಂಗ್ ತುಂಬಾ ಸಪ್ಪೆ. ಇದನ್ನ ಹಾಕಿಸಿದ್ರೆ ಹೇಗಿರುತ್ತೆ?”

ಅವನ ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದರು. ನಾವು ಆ ಚಕ್ರವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆವು. ನಡುಭಾಗದಲ್ಲಿ ಹಾರ್ನಿನ ಗುಂಡಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. “ಸ್ವಲ್ಪ ದಿನ ತಡಿ ಕಣಪ್ಪಾ, ಆಮೇಲೆ ಕೂತು ಮಾತಾಡೋಣ” ಎಂದೆವು. ಅಂದು ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಂದು ತಮ್ಮೆಲ್ಲರ ಮುಂದೆ ವಿಸ್ತರಿಸುತ್ತಿದ್ದೇವೆ.

ಹೆಸರು ಮತ್ತು ಹಿನ್ನೆಲೆ

ಹಡಗಿನ ದಿಕ್ಕನ್ನು ತಿರುಗಿಸುವ ಸಾಧನಕ್ಕೆ ನಾವು ಚುಕ್ಕಾಣಿ ಎನ್ನುತ್ತೇವೆ. ಅರಬ್ಬಿಯಲ್ಲಿ ಅದು ಸುಕ್ಕಾನ್. ಇವೆರಡೂ ಬಂಧು ಪದಗಳು. ಕೆನರಾ ಕರಾವಳಿಯ ಅಕ್ಕಿ ಹಡಗುಗಳಲ್ಲಿ ಮಸ್ಕತ್ತಿಗೆ ಬರುತ್ತಿದ್ದ ಕಾಲವೊಂದಿತ್ತು. ಟಿಪ್ಪು ಸುಲ್ತಾನನು ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನೇ ಇರಿಸಿದ್ದನು. ಸರಕಿನೊಡನೆ ಮಾತುಗಳೂ ಸಮುದ್ರ ದಾಟುತ್ತವೆ. ಇಂದಿಗೂ ಕೊಲ್ಲಿ ದೇಶಗಳ ಆಡುಮಾತಿನಲ್ಲಿ ಕಾರಿನ ಸ್ಟಿಯರಿಂಗಿಗೆ ಸುಕ್ಕಾನ್ ಎನ್ನುವುದುಂಟು. ಆದಕಾರಣ ಈ ಉಪನ್ಯಾಸದಲ್ಲಿ ಅದನ್ನು ಚುಕ್ಕಾಣಿ ಎಂದು ಕರೆದರೆ ಯಾರೂ ಅನ್ಯಥಾ ಭಾವಿಸಲಾರರೆಂದು ನಂಬಿದ್ದೇವೆ. ಎತ್ತಿನ ಗಾಡಿಯ ಚಕ್ರಕ್ಕಿರುವಂತೆ ಇದಕ್ಕೂ ಮೂರು ಭಾಗಗಳು: ಕೈ ಹಿಡಿಯುವ ಬಳೆ, ನಡುವಿನ ಗುಂಬ, ಇವೆರಡನ್ನೂ ಕೂಡಿಸುವ ಅರಗಳು.

ಮೊದಲ ಕಾರುಗಳಲ್ಲಿ ಚಕ್ರವಿರಲಿಲ್ಲ. ದೋಣಿಯಲ್ಲಿರುವಂತಹ ಒಂದು ಹಿಡಿಗೋಲಿತ್ತು. 1894ರಲ್ಲಿ ಪ್ಯಾರಿಸ್ಸಿನಿಂದ ರೂಆನ್ ನಗರದವರೆಗೆ ನಡೆದ ಸ್ಪರ್ಧೆಯಲ್ಲಿ ವಾಶರೋನ್ ಎಂಬವರು ತಮ್ಮ ಪನಾರ್ ಕಾರಿಗೆ ಚಕ್ರವನ್ನು ಜೋಡಿಸಿಕೊಂಡು ಓಡಿಸಿದರು. 1898ರಲ್ಲಿ ಅದೇ ಸಂಸ್ಥೆಯ ಆರ್ಥರ್ ಕ್ರೆಬ್ಸ್ ಅವರು ಚಕ್ರವನ್ನು ಚಾಲಕನ ಕಡೆಗೆ ಓರೆಯಾಗಿ ನಿಲ್ಲಿಸಿದರು. ಮುಂದೆ ಅರ್ಧ ಶತಮಾನ ಕಾಲ ಚುಕ್ಕಾಣಿ ದೊಡ್ಡದಾಗಿಯೇ ಇತ್ತು. ಭಾರವಾದ ಗಾಡಿಯನ್ನು ಬರಿಯ ತೋಳ್ಬಲದಿಂದ ತಿರುಗಿಸಬೇಕಾಗಿತ್ತು. ನಮ್ಮ ಸಾರಿಗೆ ಬಸ್ಸುಗಳ ಅರ್ಧ ಮೀಟರಿನಷ್ಟು ಅಗಲದ ಚುಕ್ಕಾಣಿಯನ್ನು ಬಾಲ್ಯದಲ್ಲಿ ನಾವೆಲ್ಲ ಬೆರಗಿನಿಂದ ನೋಡಿದ್ದೇವಷ್ಟೆ. 1951ರಲ್ಲಿ ಕ್ರೈಸ್ಲರ್ ಸಂಸ್ಥೆ ತನ್ನ ಇಂಪೀರಿಯಲ್ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ನೆರವಾಗುವ ಪವರ್ ಸ್ಟಿಯರಿಂಗನ್ನು ಮಾರುಕಟ್ಟೆಗೆ ತಂದಿತು. ಅದು ಹರಡಿದಂತೆಲ್ಲ ಚುಕ್ಕಾಣಿಯ ಗಾತ್ರವು ಅವಶ್ಯಕತೆಯ ವಿಷಯವಾಗಿ ಉಳಿಯದೆ ಅಭಿರುಚಿಯ ವಿಷಯವಾಯಿತು. ಇಟಲಿಯಲ್ಲಿ ಎನ್ರಿಕೊ ನಾರ್ದಿ ಅವರ ಮರದ ಚುಕ್ಕಾಣಿಗಳು, 1964ರಲ್ಲಿ ಜಾನ್‌ಪಿಯೆರೊ ಮೊರೆತ್ತಿ ಅವರು ಆರಂಭಿಸಿದ ಮೋಮೊ ಸಂಸ್ಥೆಯ ಚರ್ಮದ ಚುಕ್ಕಾಣಿಗಳು ಜಗತ್ತಿನ ತರುಣರನ್ನು ಮರುಳುಮಾಡಿದವು. ನಮ್ಮ ತರುಣನ ಪೆಟ್ಟಿಗೆಯಲ್ಲಿದ್ದದ್ದು ಆ ಪರಂಪರೆಯ ಒಂದು ಕುಡಿ.

ಎದೆಗೂಡಿನ ಎದುರಿಗಿರುವ ವಸ್ತು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲಿದೆ. ಕಾರಿನ ಬಣ್ಣ, ಗಾಲಿಯ ಹೊಳಪು ಇವೆಲ್ಲ ನೋಟದ ಪಾಲಿಗೆ ಸೇರಿದವು. ಚುಕ್ಕಾಣಿಯೂ ಹಾಗೆಯೇ ಎಂದು ಅನೇಕರು ತಿಳಿದಿದ್ದಾರೆ. ವೈದ್ಯರ ಅನುಭವ ಬೇರೆ. ಕಾರಿನ ಭಾಗಗಳಲ್ಲಿ ಚಾಲಕನ ಹೃದಯದ ನೇರ ಎದುರಿಗೆ, ಒಂದು ಗೇಣಿನ ಆಸುಪಾಸಿನಲ್ಲಿ ಇರುವುದು ಇದೊಂದೇ.

ವೇಗವಾಗಿ ಹೋಗುತ್ತಿರುವ ಕಾರು ಗೋಡೆಗೆ ಬಡಿದರೆ ಕಾರು ನಿಲ್ಲುತ್ತದೆ. ಒಳಗಿರುವ ಮನುಷ್ಯ ಅದೇ ವೇಗದಲ್ಲಿ ಮುಂದುವರಿದು ಚುಕ್ಕಾಣಿಗೆ ಬಡಿಯುತ್ತಾನೆ. ಇದನ್ನು ಎರಡನೆಯ ಡಿಕ್ಕಿ ಎನ್ನುತ್ತಾರೆ. ಮೂರನೆಯದೂ ಒಂದಿದೆ: ಎದೆಗೂಡು ನಿಂತರೂ ಅದರೊಳಗಿನ ಹೃದಯ ಮುಂದಕ್ಕೆ ತೂಗುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯ ಕಮಾನು ಸ್ವಲ್ಪ ಅಲುಗಾಡಬಲ್ಲದು. ಅದರ ಇಳಿಭಾಗವು ಬೆನ್ನೆಲುಬಿಗೆ ಅಂಟಿಕೊಂಡು ಸ್ಥಿರವಾಗಿದೆ. ಇವೆರಡೂ ಸೇರುವ ಜಾಗದಲ್ಲಿ ಧಮನಿ ಹರಿಯುತ್ತದೆ. ಹಾಗೆ ಹರಿದವರಲ್ಲಿ ಬಹುಪಾಲು ಜನ ಆಸ್ಪತ್ರೆಯನ್ನು ತಲುಪುವುದಿಲ್ಲ. ಎದೆಮೂಳೆ ಮತ್ತು ಪಕ್ಕೆಲುಬುಗಳ ಮುರಿತ, ಹೃದಯದ ಸ್ನಾಯುವಿನ ಜಜ್ಜುಗಾಯ, ಬಳೆಯ ಕೆಳಭಾಗ ಹೊಟ್ಟೆಗೆ ಒತ್ತಿದಾಗ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಗಳಿಗೆ ಆಗುವ ಗಾಯ ಇವೆಲ್ಲ ಈ ಒಂದೇ ಪೆಟ್ಟಿನ ಫಲಗಳು.

1990ರ ದಶಕದ ಕೊನೆಯಲ್ಲಿ ನಾವು ಅಮೆರಿಕದಲ್ಲಿ ರೆಸಿಡೆನ್ಸಿಯ ಮೊದಲ ವರ್ಷದಲ್ಲಿದ್ದಾಗ ಒಂದು ರಾತ್ರಿ ತರುಣನೊಬ್ಬನನ್ನು ತುರ್ತು ವಿಭಾಗಕ್ಕೆ ಕರೆತಂದರು. 1960ರ ದಶಕದ ಆರಂಭದ ಹಳೆಯ ಕಾರೊಂದನ್ನು ತಾನೇ ಮುತುವರ್ಜಿಯಿಂದ ದುರಸ್ತಿ ಮಾಡಿ ಓಡಿಸುತ್ತಿದ್ದವನು. ಸೊಂಟದ ಪಟ್ಟಿಯ ಹೊರತು ಬೇರೆ ರಕ್ಷಣೆ ಅದರಲ್ಲಿರಲಿಲ್ಲ. ವೇಗವೂ ಅತಿಯಾಗಿರಲಿಲ್ಲವೆಂದು ಪೊಲೀಸರು ಹೇಳಿದರು. ಹೊರಗೆ ರಕ್ತವಿರಲಿಲ್ಲ, ಎದೆಯ ಮೇಲೆ ಅರ್ಧಚಂದ್ರಾಕಾರದ ಒಂದು ನೀಲಿ ಗುರುತು ಮಾತ್ರ ಇತ್ತು. ಅದು ಚುಕ್ಕಾಣಿಯ ಬಳೆಯ ಅಚ್ಚು. ಅವನು ನಮ್ಮೊಡನೆ ಮಾತನಾಡುತ್ತಲೇ ಇದ್ದನು; ತನ್ನ ಕಾರು ಏನಾಯಿತೆಂದು ಎರಡು ಸಲ ಕೇಳಿದನು. ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಜೀವಂತವಾಗಿ ಹೊರಗೆ ಬರಲಿಲ್ಲ. ಅವನಿಗೂ ವಯಸ್ಸು ಇಪ್ಪತ್ತನಾಲ್ಕು.

ಹಳೆಯ ಕಾರುಗಳಲ್ಲಿ ಚುಕ್ಕಾಣಿಯ ದಂಡವು ಬಗ್ಗದ ಉಕ್ಕಿನ ಸರಳಾಗಿದ್ದು, ಕಾರಿನ ಮುಂಭಾಗ ಕುಸಿದಾಗ ಭರ್ಜಿಯಂತೆ ಹಿಂದಕ್ಕೆ ನುಗ್ಗುತ್ತಿತ್ತು. ಮರ್ಸಿಡಿಸ್ ಸಂಸ್ಥೆಯ ಬೇಲಾ ಬಾರೆನಿಯಂತಹ ಎಂಜಿನಿಯರರು ಸುರಕ್ಷಿತ ದಂಡಕ್ಕಾಗಿ ವರ್ಷಗಟ್ಟಲೆ ದುಡಿದರು. 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕ ಅಮೆರಿಕದಲ್ಲಿ ಈ ವಿಷಯವನ್ನು ಜನರ ಬಾಯಿಗೆ ತಂದಿತು. ಪೆಟ್ಟು ಬಿದ್ದಾಗ ತಾನೇ ಕುಗ್ಗುವ ದಂಡಗಳು 1967ರಲ್ಲಿ ಅಲ್ಲಿನ ಕಾರುಗಳಿಗೆ ಬಂದವು. 1968ರ ಜನವರಿ 1ರಿಂದ ಅದು ಕಾನೂನಿನ ನಿಯಮವಾಯಿತು. ಇಂದು ನಾವು ಹಿಡಿಯುವ ಚುಕ್ಕಾಣಿಯ ಹಿಂದೆ ಈ ಇತಿಹಾಸವಿದೆ.

ಗುಂಬದೊಳಗಿನ ಗಾಳಿಚೀಲ

ಅಮೆರಿಕದ ಜಾನ್ ಹೆಟ್ರಿಕ್ ಅವರಿಗೆ ಗಾಳಿಚೀಲದ, ಅಂದರೆ ಏರ್ ಬ್ಯಾಗಿನ, ಪೇಟೆಂಟ್ ದೊರೆತದ್ದು 1953ರಲ್ಲಿ. 1980ರ ದಶಕದ ಆರಂಭದಲ್ಲಿ ಮರ್ಸಿಡಿಸ್ ಕಾರುಗಳ ಚುಕ್ಕಾಣಿಯಲ್ಲಿ ಅದು ನೆಲೆ ಕಂಡಿತು. ಇದು ಅರಳಲು ಹಿಡಿಯುವ ಕಾಲ ಒಂದು ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗ. ಕಣ್ಣಿನ ರೆಪ್ಪೆ ಬಡಿಯುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. 1987ರಿಂದ 2017ರವರೆಗೆ ಮುಂಭಾಗದ ಗಾಳಿಚೀಲಗಳು ಅಮೆರಿಕವೊಂದರಲ್ಲೇ 50,000ಕ್ಕೂ ಹೆಚ್ಚು ಪ್ರಾಣಗಳನ್ನು ಉಳಿಸಿವೆಯೆಂದು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಅಂದಾಜು ಮಾಡಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಾಳಿಚೀಲ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಇಂದಿನ ಸೀಟ್ ಬೆಲ್ಟುಗಳು ತೀವ್ರವಾದ ಡಿಕ್ಕಿಯಲ್ಲಿ ಪಕ್ಕೆಲುಬು ಮುರಿಯದಿರಲೆಂದು ಸ್ವಲ್ಪ ಸಡಿಲಗೊಂಡು ದೇಹವನ್ನು ಮುಂದಕ್ಕೆ ಬಿಡುತ್ತವೆ; ಮುಂದೆ ಮೆತ್ತನೆಯ ಚೀಲ ಕಾದಿರುತ್ತದೆ ಎಂಬ ಭರವಸೆಯಿಂದ. ಚೀಲವಿಲ್ಲದ ಚುಕ್ಕಾಣಿಯನ್ನು ಹಾಕಿಸಿದರೆ ಬೆಲ್ಟು ಎಂದಿನಂತೆ ಸಡಿಲಗೊಳ್ಳುತ್ತದೆ, ಮುಖ ಮತ್ತು ಎದೆ ಲೋಹದ ಗುಂಬಕ್ಕೆ ಬಡಿಯುತ್ತವೆ. ಒಂದನ್ನು ತೆಗೆದರೆ ಇನ್ನೊಂದೂ ಅರ್ಧ ಕೆಟ್ಟಂತೆಯೇ. ಕೆಲವು ಗ್ಯಾರೇಜುಗಳಲ್ಲಿ ಚೀಲದ ಬದಲು ಒಂದು ಸಣ್ಣ ವಿದ್ಯುತ್ ರೋಧಕವನ್ನಿಟ್ಟು ಎಚ್ಚರಿಕೆಯ ದೀಪವನ್ನು ಆರಿಸಿಕೊಡುತ್ತಾರೆ. ಜ್ವರಮಾಪಕವನ್ನು ಒಡೆದು ಜ್ವರ ಇಳಿಯಿತೆನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಬಳಸಿದ ಕಾರನ್ನು ಕೊಂಡವರಿಗೆ ಇನ್ನೊಂದು ಮಾತು. ತಕಾತಾ ಎಂಬ ಜಪಾನೀ ಸಂಸ್ಥೆ ತಯಾರಿಸಿದ ಗಾಳಿಚೀಲಗಳಲ್ಲಿ ಅಮೋನಿಯಂ ನೈಟ್ರೇಟನ್ನು ಬಳಸಲಾಗಿತ್ತು. ಬಹುಕಾಲದ ಸೆಕೆ ಮತ್ತು ತೇವಾಂಶಗಳಿಂದ ಅದು ಹದಗೆಟ್ಟು, ಚೀಲ ಅರಳುವಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಚಾಲಕರನ್ನು ಕೊಂದ ಪ್ರಕರಣಗಳು ನಡೆದವು. ಹಲವು ಸಂಸ್ಥೆಗಳ ಕೋಟ್ಯಂತರ ಕಾರುಗಳನ್ನು ವಾಪಸು ಕರೆಸಬೇಕಾಯಿತು. 2017ರಲ್ಲಿ ಆ ಸಂಸ್ಥೆ ದಿವಾಳಿಯೆದ್ದಿತು. ಸೆಕೆ ಮತ್ತು ತೇವಾಂಶ ಎಂದರೆ ಮಸ್ಕತ್ತಿನ ಕರಾವಳಿಯ ವರ್ಣನೆಯೇ ಆಯಿತು. ಆದ್ದರಿಂದ ಹಳೆಯ ಕಾರನ್ನು ಕೊಂಡವರು ಅದರ ಚಾಸಿಸ್ ನಂಬರನ್ನು ಅಧಿಕೃತ ಮಾರಾಟಗಾರರಿಗೆ ಕೊಟ್ಟು, ಬಾಕಿಯಿರುವ ಬದಲಾವಣೆ ಏನಾದರೂ ಇದೆಯೇ ಎಂದು ವಿಚಾರಿಸುವುದು ಮೊದಲ ಕೆಲಸ. ಚರ್ಮದ ಬಣ್ಣದ ಚಿಂತೆ ಆಮೇಲೆ.

ಗಾತ್ರ: ಅರಬೈಲು ಘಟ್ಟದ ಪಾಠ

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯ ಕಥೆಯನ್ನೂ ಹೇಳಿಕೊಳ್ಳುವುದು ನ್ಯಾಯ. ನಾವು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಕಾರಿಗೆ ಸಣ್ಣ ‘ಸ್ಪೋರ್ಟ್ಸ್ ಸ್ಟಿಯರಿಂಗ್’ ಹಾಕಿಸುವುದು ತರುಣರ ಗೀಳಾಗಿತ್ತು. ನಮ್ಮಣ್ಣನೂ ಮನೆಯ ಹಳೆಯ ಕಾರಿಗೆ ಅಂತಹದೊಂದನ್ನು ಹಾಕಿಸಿದನು. ಅಂಗಡಿಗೆ ಜೊತೆಯಲ್ಲಿ ಹೋಗಿ, ಇದೇ ಚೆನ್ನಾಗಿದೆ ಎಂದು ಆರಿಸಿಕೊಟ್ಟವರು ನಾವೇ. ಆ ಬೇಸಿಗೆಯಲ್ಲಿ ಅಂಕೋಲೆಯ ಮದುವೆಗೆಂದು ಎಲ್ಲರೂ ಹೊರಟೆವು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ತಿರುವಿನಲ್ಲಿ ಎದುರಿಗೆ ಲಾರಿಯೊಂದು ಬಂತು. ಅಣ್ಣ ಎಡಕ್ಕೆ ಎಳೆದನು. ಪವರ್ ಸ್ಟಿಯರಿಂಗ್ ಇಲ್ಲದ ಕಾರು ಬೇಕಾದಷ್ಟು ಬೇಗ ತಿರುಗಲಿಲ್ಲ. ಲಾರಿ ಸವರಿಕೊಂಡು ಹೋಯಿತು. ಕಾರು ಚರಂಡಿಗಿಳಿದು ದರೆಗೆ ಗುದ್ದಿತು. ಹಿಂದಿದ್ದ ಅವ್ವನಿಗೆ ಏನೂ ಆಗಲಿಲ್ಲ. ಅಣ್ಣನ ಎರಡು ಪಕ್ಕೆಲುಬು ಮುರಿದು, ಎದೆಮೂಳೆಯಲ್ಲಿ ಬಿರುಕು ಬಿಟ್ಟಿತು. ಅಪ್ಪ ಯಾರನ್ನೂ ಬೈಯಲಿಲ್ಲ. ಕಾರು ಗ್ಯಾರೇಜಿನಿಂದ ಬರುವ ಹಿಂದಿನ ದಿನ ಅಟ್ಟದ ಮೇಲಿಟ್ಟಿದ್ದ ಹಳೆಯ ಚುಕ್ಕಾಣಿಯನ್ನು ಇಳಿಸಿಕೊಂಡು, ಜಗಲಿಯ ಮೇಲೆ ಕುಳಿತು ಅದರ ಧೂಳನ್ನು ಒರೆಸುತ್ತಿದ್ದರು.

ಇದರ ಲೆಕ್ಕ ಸುಲಭ. 38 ಸೆಂಟಿಮೀಟರ್ ವ್ಯಾಸದ ಚುಕ್ಕಾಣಿಯ ಬದಲು 32 ಸೆಂಟಿಮೀಟರಿನದನ್ನು ಹಾಕಿದರೆ ಕೈಗೆ ಸಿಗುವ ಸನ್ನೆಯ ಉದ್ದ 19ರಿಂದ 16ಕ್ಕೆ ಇಳಿಯುತ್ತದೆ. ಅದೇ ಕೆಲಸಕ್ಕೆ ಶೇಕಡಾ 19ರಷ್ಟು ಹೆಚ್ಚು ಬಲ ಬೇಕಾಗುತ್ತದೆ. ಈಗಿನ ಕಾರುಗಳಲ್ಲಿ ಮೋಟಾರು ನೆರವಾಗುವುದರಿಂದ ಬಲದ ಚಿಂತೆ ಕಡಿಮೆ. ಆದರೆ ಬೇರೊಂದು ತೊಡಕು ಏಳುತ್ತದೆ. ಸಣ್ಣ ಚುಕ್ಕಾಣಿಯಲ್ಲಿ ಕೈ ಅಷ್ಟೇ ಅಲುಗಿದರೂ ಗಾಲಿ ಹೆಚ್ಚು ತಿರುಗುತ್ತದೆ. 1970ರಲ್ಲಿ ಒಮಾನಿನಲ್ಲಿ ಡಾಂಬರು ರಸ್ತೆ ಇದ್ದದ್ದು ಸುಮಾರು 10 ಕಿಲೋಮೀಟರ್ ಮಾತ್ರ. ಇಂದು ಮಸ್ಕತ್ತಿನಿಂದ ಸಲಾಲಾವರೆಗೆ ಸುಮಾರು ಸಾವಿರ ಕಿಲೋಮೀಟರ್ ದೂರವನ್ನು ನಮ್ಮವರು ಒಂದೇ ದಿನದಲ್ಲಿ ಕ್ರಮಿಸುತ್ತಾರೆ. 120 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 33 ಮೀಟರ್ ಓಡುತ್ತದೆ. ಅಂತಹ ನೇರ ಹೆದ್ದಾರಿಯಲ್ಲಿ, ದಣಿದ ಕೈಯ ಒಂದು ಸೀನಿನಷ್ಟು ಅಲುಗಾಟಕ್ಕೂ ಮಣಿಯುವ ಚುಕ್ಕಾಣಿ ನೆಮ್ಮದಿಯ ವಸ್ತುವಲ್ಲ. ಇಂದಿನ ಸ್ಪೋರ್ಟ್ಸ್ ಕಾರುಗಳ ಚುಕ್ಕಾಣಿ ಸಾಮಾನ್ಯವಾಗಿ 36ರ ಆಸುಪಾಸಿನಲ್ಲಿರುತ್ತದೆ. ಪೋರ್ಷೆ ಸಂಸ್ಥೆಯ ಜಿ.ಟಿ. ಸ್ಪೋರ್ಟ್ಸ್ ಚುಕ್ಕಾಣಿಯ ವ್ಯಾಸವೂ 36 ಸೆಂಟಿಮೀಟರೇ. ಪಂದ್ಯಕ್ಕಾಗಿಯೇ ಕಾರು ಕಟ್ಟುವವರು ರಸ್ತೆಗೆ ಇಷ್ಟು ಸಾಕೆಂದು ತೀರ್ಮಾನಿಸಿರುವಾಗ ಅದಕ್ಕಿಂತ ಕಿರಿದನ್ನು ಅರಸುವ ಅಗತ್ಯ ನಮಗೆ ಕಾಣದು.

ಆಕಾರ: ದುಂಡು, ಚಪ್ಪಟೆ, ನೊಗ

ಅನೇಕ ಪಂದ್ಯದ ಕಾರುಗಳ ಚುಕ್ಕಾಣಿ ದುಂಡಗಿರುವುದಿಲ್ಲ. ಒಮಾನಿನ ಹೆಮ್ಮೆಯ ಚಾಲಕ ಅಹ್ಮದ್ ಅಲ್ ಹಾರ್ತಿ ಅವರು 2023ರ ಲೆ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನ ಗಳಿಸಿದ ತಂಡದಲ್ಲಿದ್ದರು, 2024ರಲ್ಲಿ ಬಿ.ಎಂ.ಡಬ್ಲ್ಯು. ಕಾರಿನಲ್ಲಿ ವಲೆಂಟಿನೊ ರಾಸ್ಸಿಯವರ ಸಹಚಾಲಕರಾಗಿದ್ದರು. ಅವರ ಚಿತ್ರಗಳನ್ನು ಕಂಡ ನಮ್ಮ ಮಕ್ಕಳು ಅಂತಹದೇ ಚುಕ್ಕಾಣಿ ಬೇಕೆಂದು ಬಯಸುವುದು ಸಹಜ. ಆದರೆ ಆ ಆಕಾರಕ್ಕೆ ಕಾರಣವಿದೆ. ಪಂದ್ಯದ ಕಾರಿನಲ್ಲಿ ಗಾಲಿಯನ್ನು ಪೂರ್ತಿ ತಿರುಗಿಸಲು ಚುಕ್ಕಾಣಿಯನ್ನು ಸ್ವಲ್ಪವೇ ತಿರುಗಿಸಿದರೆ ಸಾಕು. ಚಾಲಕನ ಕೈ ಹಿಡಿದ ಜಾಗದಿಂದ ಕದಲುವುದೇ ಇಲ್ಲ. 1989ರಲ್ಲಿ ಫೆರಾರಿ ತಂಡವು ಗೇರ್ ಬದಲಿಸುವ ಪಟ್ಟಿಗಳನ್ನೂ ಚುಕ್ಕಾಣಿಯ ಹಿಂದಕ್ಕೆ ತಂದದ್ದರಿಂದ ಕೈ ತೆಗೆಯುವ ಪ್ರಮೇಯವೇ ಇಲ್ಲವಾಯಿತು. ಕೆಳಭಾಗವನ್ನು ಚಪ್ಪಟೆ ಮಾಡಿದ್ದು ಇಕ್ಕಟ್ಟಾದ ಆಸನದಲ್ಲಿ ತೊಡೆಗೆ ಎಡೆ ಸಿಗಲೆಂದು.

ರಸ್ತೆಯ ಕಾರಿನಲ್ಲಿ ಪಾರ್ಕಿಂಗ್ ಮಾಡಲು ಎರಡು ಸುತ್ತಿಗೂ ಹೆಚ್ಚು ತಿರುಗಿಸಬೇಕಾಗುತ್ತದೆ. ಆಗ ಕೈ ಬಳೆಯ ಮೇಲೆ ಜಾರುತ್ತ ಹೋಗುತ್ತದೆ. ದುಂಡಾಗಿದ್ದರೆ ಎಲ್ಲಿ ಹಿಡಿದರೂ ಒಂದೇ. 1973ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಅಲೆಗ್ರೊ ಕಾರು ಚೌಕದಂತಹ ಚುಕ್ಕಾಣಿಯೊಡನೆ ಬಂದು ನಗೆಗೀಡಾಯಿತು. ಬಹುಬೇಗ ಅದನ್ನು ಕೈಬಿಡಲಾಯಿತು. 2021ರಲ್ಲಿ ಟೆಸ್ಲಾ ಸಂಸ್ಥೆ ಮೇಲ್ಭಾಗವೇ ಇಲ್ಲದ, ನೊಗದಂತಹ ಚುಕ್ಕಾಣಿಯನ್ನು ತಂದಿತು. 2023ರಲ್ಲಿ ದುಂಡು ಚುಕ್ಕಾಣಿಯನ್ನೂ ಮತ್ತೆ ಒದಗಿಸಿತು. ಆದ್ದರಿಂದ ಬಳಸಲು ದುಂಡು ಚುಕ್ಕಾಣಿಯೇ ಉತ್ತಮ. ತೊಡೆ ದಪ್ಪವಿದ್ದವರಿಗೆ, ಇಲ್ಲವೇ ಹತ್ತಿ ಇಳಿಯುವಾಗ ಮೊಣಕಾಲು ತಾಗುವವರಿಗೆ, ಸ್ವಲ್ಪವೇ ಚಪ್ಪಟೆಯಾದ ತಳದ್ದು ಅನುಕೂಲ. ನೊಗದ ಆಕಾರದ್ದು ಬೇಡ.

ಕೈ ಮತ್ತು ಬಳೆ

ಬಳೆಯ ದಪ್ಪವನ್ನು ನೋಡಿ ಆರಿಸಲಾಗದು, ಹಿಡಿದೇ ಆರಿಸಬೇಕು. ಬೆರಳುಗಳನ್ನು ಸುತ್ತಿದಾಗ ಹೆಬ್ಬೆರಳು ತೋರುಬೆರಳನ್ನು ಸುಲಭವಾಗಿ ಮುಟ್ಟುವಂತಿದ್ದರೆ ಹದವಾದ ದಪ್ಪ. ತೀರ ದಪ್ಪನೆಯ ಬಳೆಯನ್ನು ಸಣ್ಣ ಕೈಯವರು ಹಿಡಿದರೆ ಮುಂಗೈ ಸ್ನಾಯುಗಳು ಬೇಗ ದಣಿಯುತ್ತವೆ. ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜುಮುಗುಟ್ಟುವವರಿಗೆ, ಹೆಬ್ಬೆರಳ ಬುಡದಲ್ಲಿ ಸಂಧಿವಾತವಿರುವವರಿಗೆ ಅದು ಮತ್ತಷ್ಟು ತೊಂದರೆ. ತೀರ ತೆಳ್ಳಗಿದ್ದರೂ ಮುಷ್ಟಿ ಬಿಗಿಹಿಡಿದು ನೋಯುತ್ತದೆ. ಮನೆಯಲ್ಲಿ ಗಂಡ, ಹೆಂಡತಿ, ಮಗ ಮೂವರೂ ಅದೇ ಕಾರನ್ನು ಓಡಿಸುವುದಾದರೆ ಮೂವರೂ ಹಿಡಿದು ನೋಡಬೇಕು.

ಕೈಗಳನ್ನು ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿಡಬೇಕೆಂದು ನಮ್ಮ ಪೀಳಿಗೆಯವರು ಕಲಿತಿದ್ದೇವೆ. ಗಾಳಿಚೀಲ ಬಂದ ಮೇಲೆ ಒಂಬತ್ತು ಮತ್ತು ಮೂರರ ಜಾಗವೇ ಮೇಲು. ಚೀಲ ಅರಳುವಾಗ ಅದರ ಮೇಲೆ ಅಡ್ಡಲಾಗಿರುವ ತೋಳು ಮುರಿಯಬಹುದು, ಇಲ್ಲವೇ ಕೈ ಮುಖಕ್ಕೆ ಬಡಿಯಬಹುದು. ಅರಗಳು ಒಂಬತ್ತು ಮತ್ತು ಮೂರರಲ್ಲಿ ಸೇರುವಂತಿದ್ದು, ಅಲ್ಲಿ ಹೆಬ್ಬೆರಳಿಗೆ ಸಣ್ಣ ತಗ್ಗು ಇರುವ ಚುಕ್ಕಾಣಿ ಈ ಅಭ್ಯಾಸವನ್ನು ತಾನಾಗಿ ಕಲಿಸುತ್ತದೆ. ವಾಡಿಗಳಲ್ಲಿ ಕಲ್ಲಿನ ಮೇಲೆ ಜೀಪು ಓಡಿಸುವವರು ಮಾತ್ರ ಹೆಬ್ಬೆರಳನ್ನು ಒಳಗೆ ಸಿಕ್ಕಿಸಬಾರದು. ಗಾಲಿ ಕಲ್ಲಿಗೆ ತಾಗಿ ಚುಕ್ಕಾಣಿ ಒಮ್ಮೆಲೇ ತಿರುಗಿದರೆ ಹೆಬ್ಬೆರಳು ಮುರಿಯಬಹುದು.

ಒಮಾನಿನ ಬಿಸಿಲು ಮತ್ತು ಹೊದಿಕೆ

2018ರ ಜೂನ್ ತಿಂಗಳಲ್ಲಿ ಇಲ್ಲಿನ ಕುರಿಯಾತ್ ಪಟ್ಟಣದಲ್ಲಿ ಒಂದು ಅಹೋರಾತ್ರಿಯ ಅತಿ ಕಡಿಮೆ ಉಷ್ಣತೆಯೇ 42.6 ಡಿಗ್ರಿ ಸೆಲ್ಸಿಯಸ್ ಇದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ವರ್ಷ ಪ್ರಕಟವಾದ ಅಮೆರಿಕದ ಅರಿಜೋನಾದ ಅಧ್ಯಯನವೊಂದರಲ್ಲಿ, ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿಗೂ, ಚುಕ್ಕಾಣಿ 53 ಡಿಗ್ರಿಗೂ ಏರಿದ್ದವು. ಯುರೋಪಿನ ಚಳಿಯಲ್ಲಿ ಆರಿಸುವ ಹೊದಿಕೆ ಇಲ್ಲಿ ಸಲ್ಲದಿರುವುದಕ್ಕೆ ಇದು ಕಾರಣ.

ಲೋಹ ಮತ್ತು ಕಾರ್ಬನ್ ಫೈಬರಿನ ಪಟ್ಟಿಗಳು ನೋಡಲು ಅಂದ. ಬಿಸಿಲಲ್ಲಿ ಕೈಯನ್ನು ಚುರುಗುಟ್ಟಿಸುತ್ತವೆ, ಬೆವರಿನಲ್ಲಿ ಜಾರುತ್ತವೆ. ಮೆರುಗೆಣ್ಣೆ ಬಳಿದ ಮರವೂ ಬೆವರಿನ ಕೈಗೆ ಜಾರುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆಲ್ಕಾಂತಾರಾ ಎಂಬುದು 1970ರಲ್ಲಿ ಜಪಾನಿನ ಮಿಯೋಶಿ ಒಕಮೋಟೊ ಅವರು ರೂಪಿಸಿದ, ಜಿಂಕೆಯ ಚರ್ಮದಂತೆ ನವಿರಾದ ಕೃತಕ ಬಟ್ಟೆ. ಅದು ಮುಟ್ಟಲು ಅಷ್ಟಾಗಿ ಸುಡುವುದಿಲ್ಲ, ಜಾರುವುದೂ ಇಲ್ಲ; ಆದರೆ ಬೆವರನ್ನೂ ಎಣ್ಣೆಯನ್ನೂ ಹೀರಿಕೊಂಡು ಕೆಲವೇ ತಿಂಗಳಲ್ಲಿ ಜಿಡ್ಡುಗಟ್ಟುತ್ತದೆ. ಪಂದ್ಯದಲ್ಲಿ ಕೈಗವಸು ಹಾಕುವವರಿಗೆ ಅದು ಸರಿ. ಅಂಗೈ ಬೆವರುವ ನಮ್ಮಂತಹವರಿಗೆ ಕೈ ಹಿಡಿಯುವ ಜಾಗದಲ್ಲಿ ಸಣ್ಣ ರಂಧ್ರಗಳಿರುವ, ಹೊಳಪಿಲ್ಲದ ಚರ್ಮವೇ ಯೋಗ್ಯ. ಅಂಗಡಿಯಲ್ಲಿ ಸಿಗುವ ಸಡಿಲವಾದ ಮೇಲುಹೊದಿಕೆಗಳನ್ನು ತೊಡಿಸಬಾರದು. ತಿರುವಿನಲ್ಲಿ ಹೊದಿಕೆ ತಿರುಗಿ ಚುಕ್ಕಾಣಿ ತಿರುಗದೆ ಉಳಿಯಬಹುದು. ಕಾರನ್ನು ನಿಲ್ಲಿಸುವಾಗ ಗಾಜಿಗೆ ನೆರಳುಪಟ್ಟಿ ಇಟ್ಟು, ಚುಕ್ಕಾಣಿಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಬಿಸಿಲು ಬಿದ್ದ ಭಾಗ ಕೆಳಗೆ ಬರುತ್ತದೆ.

ದೂರ ಮತ್ತು ನೋಟ

ಚುಕ್ಕಾಣಿ ಎಷ್ಟೇ ಒಳ್ಳೆಯದಿರಲಿ, ಕುಳಿತುಕೊಳ್ಳುವ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಎದೆಮೂಳೆಗೂ ಚುಕ್ಕಾಣಿಯ ಗುಂಬಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಮನೆಯ ಅಳತೆಪಟ್ಟಿಯಿಂದಲೇ ನೋಡಿಕೊಳ್ಳಬಹುದು. ಬೆನ್ನನ್ನು ಆಸನಕ್ಕೆ ಒರಗಿಸಿ ಕೈ ಚಾಚಿದಾಗ ಮಣಿಕಟ್ಟು ಬಳೆಯ ಮೇಲ್ತುದಿಯಲ್ಲಿ ಕೂರಬೇಕು. ಗುಂಬ ಮುಖದ ಕಡೆಗಲ್ಲ, ಎದೆಯ ಕಡೆಗೆ ನೋಡುತ್ತಿರಬೇಕು. ಎತ್ತರ ಕಡಿಮೆಯಿರುವ ನಮ್ಮ ಹೆಣ್ಣುಮಕ್ಕಳು ಪೆಡಲು ಎಟುಕಲೆಂದು ಚುಕ್ಕಾಣಿಗೆ ಅಂಟಿಕೊಂಡು ಕುಳಿತುಕೊಳ್ಳುವುದನ್ನು ಕಾಣುತ್ತೇವೆ; ಅವರಿಗೆ ಚುಕ್ಕಾಣಿಯನ್ನು ಒಳಕ್ಕೆ ಸರಿಸುವ ಸೌಲಭ್ಯವಿರುವ ಕಾರೇ ಬೇಕು. ಗರ್ಭಿಣಿಯರು ಆಸನವನ್ನು ಆದಷ್ಟು ಹಿಂದಕ್ಕೆ ಸರಿಸಿ, ಬಳೆಯ ಕೆಳಭಾಗವು ಹೊಟ್ಟೆಗೆ ಎದುರಾಗದಂತೆ ನೋಡಿಕೊಳ್ಳಬೇಕು. ಕೊನೆಯದಾಗಿ, ಬಳೆಯ ಎಡೆಯಿಂದ ವೇಗಮಾಪಕ ಪೂರ್ತಿ ಕಾಣಬೇಕು. ಸಣ್ಣ ಚುಕ್ಕಾಣಿಗಳ ದೊಡ್ಡ ದೋಷವೇ ಅದನ್ನು ಮರೆಮಾಡುವುದು.

ಆಯ್ಕೆಯ ಕ್ರಮ

ಇಷ್ಟನ್ನು ಕೇಳಿ, ಹಾಗಾದರೆ ತರುಣರು ಆಸೆಯನ್ನೇ ಬಿಡಬೇಕೇ ಎಂದು ತಾವು ಕೇಳಬಹುದು. ಖಂಡಿತ ಬೇಡ. ಸ್ಪೋರ್ಟ್ಸ್ ಕಾರುಗಳಿಗೆ ಅವುಗಳ ತಯಾರಕರೇ ಬಗೆಬಗೆಯ ಚುಕ್ಕಾಣಿಗಳನ್ನು ಒದಗಿಸುತ್ತಾರೆ. ತಮ್ಮ ಕಾರಿನ ಅದೇ ಮಾದರಿಗೆ, ಅದೇ ವರ್ಷಕ್ಕೆ, ಅದೇ ಗಾಳಿಚೀಲಕ್ಕೆ ಒಪ್ಪುವ ಚುಕ್ಕಾಣಿಯನ್ನು ಅಧಿಕೃತ ಮಾರಾಟಗಾರರ ಮೂಲಕ ತರಿಸಿ, ಅವರ ಕೈಯಿಂದಲೇ ಹಾಕಿಸಬೇಕು. ಚೀಲಕ್ಕೆ ವಿದ್ಯುತ್ ಸಂಪರ್ಕ ಕೊಡುವ ಸುರುಳಿತಂತಿ ಸ್ವಲ್ಪ ಓರೆಯಾಗಿ ಕುಳಿತರೂ ತುಂಡಾಗುತ್ತದೆ. ಅದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಬದಲಾವಣೆಗೆ ಮುನ್ನ ರಾಯಲ್ ಒಮಾನ್ ಪೊಲೀಸರ ನಿಯಮವನ್ನು ವಿಚಾರಿಸಿಕೊಂಡು, ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕು. ಮೊದಲು ಗಾಳಿಚೀಲ, ಆಮೇಲೆ ಗಾತ್ರ, ಆಮೇಲೆ ಆಕಾರ, ಆಮೇಲೆ ಹಿಡಿತ ಮತ್ತು ಹೊದಿಕೆ, ಎಲ್ಲಕ್ಕೂ ಕೊನೆಗೆ ನೂಲಿನ ಬಣ್ಣ. ಈ ಕ್ರಮ ತಲೆಕೆಳಗಾಗದಿದ್ದರೆ ಆಯ್ಕೆ ತಪ್ಪುವುದಿಲ್ಲ.

ಆ ತರುಣನೊಡನೆ ನಾವು ಒಂದು ಶುಕ್ರವಾರ ಬೆಳಿಗ್ಗೆ ಅವನ ಕಾರಿನಲ್ಲಿ ಕುಳಿತು ಅಳತೆ ಹಾಕಿದೆವು. ಅವನ ಎದೆಗೂ ಗುಂಬಕ್ಕೂ ಇದ್ದದ್ದು 20 ಸೆಂಟಿಮೀಟರ್. ಆಸನವನ್ನು ಹಿಂದಕ್ಕೂ ಚುಕ್ಕಾಣಿಯನ್ನು ಒಳಕ್ಕೂ ಸರಿಸಿದ ಮೇಲೆ 28 ಆಯಿತು. ಅಮೆರಿಕದ ಆ ರಾತ್ರಿಯ ಸಂಗತಿಯನ್ನು ಅವನಿಗೆ ಹೇಳಿದೆವು. ಅಣ್ಣನ ಪಕ್ಕೆಲುಬಿನದನ್ನೂ, ಅಂಗಡಿಯಲ್ಲಿ ನಾವು ಮಾಡಿದ ಆಯ್ಕೆಯನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಕಲ್, ಕಂಪನಿಯವರದ್ದರಲ್ಲೇ ಕೆಂಪು ಹೊಲಿಗೆದು ಸಿಗುತ್ತಾ ಕೇಳ್ತೀನಿ” ಎಂದನು. ಸಿಕ್ಕಿತು. ಬೆಲೆ ಎರಡರಷ್ಟಾಯಿತು, ಅವನ ತಂದೆ ಅರ್ಧ ಹಣ ಕೊಟ್ಟರು.

ಪೆಟ್ಟಿಗೆಯಲ್ಲಿದ್ದ ಚುಕ್ಕಾಣಿಯನ್ನು ಅವನು ಎಸೆದಿಲ್ಲ. ತನ್ನ ಕೋಣೆಯಲ್ಲಿ ಕಂಪ್ಯೂಟರಿನ ರೇಸಿನ ಆಟಕ್ಕೆ ಜೋಡಿಸಿಕೊಂಡಿದ್ದಾನೆ. “ಅಲ್ಲಿ ಎಷ್ಟು ಜೋರಾಗಿ ಓಡಿಸಿದ್ರೂ ನಂಗೇನೂ ಭಯ ಇಲ್ಲ ಡಾಕ್ಟ್ರೇ” ಎಂದು ಅವನ ತಾಯಿ ಮೊನ್ನೆ ಫೋನಿನಲ್ಲಿ ಹೇಳಿದರು.

 ಇಂದು ರಾತ್ರಿ ಮನೆಗೆ ಹೊರಡುವ ಮುನ್ನ, ಕಾರಿನಲ್ಲಿ ಕುಳಿತು ತಮ್ಮ ಎದೆಗೂ ಚುಕ್ಕಾಣಿಗೂ ನಡುವಿನ ಅಂತರವನ್ನು ಒಮ್ಮೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.